ಕೈ ಕೊಟ್ಟವಳು

ಡಂಡಿಯ ಆ ಪಬ್ಬಿನ ಹಿಂದಿನ ಕೋಣೆಯಲ್ಲಿ
ನಮ್ಮ ಮೊದಲ ಜಗಳ ದೀಪದ್ದು.
ನನಗೆ ಮಬ್ಬು ಬೇಕು, ಒಂದೇ ಒಂದು ಮೇಣದ ಬತ್ತಿ;
ಮುಖ ಕಾಣದಿದ್ದರೆ ನನ್ನ ದನಿಗೆ ಧೈರ್ಯ.
ಮೋರ್ವೆನ್ ಎದ್ದು ಟ್ಯೂಬ್‌ಲೈಟು ಹಾಕಿದಳು.
ನಾನು ಆರಿಸಿದೆ. ಅವಳು ಹಾಕಿದಳು.
ಕೊನೆಗೆ ಲೋಟದಡಿಯ ರಟ್ಟಿನ ಮೇಲೆ ಬರೆದು ತಳ್ಳಿದಳು:
"ಕತ್ತಲೆ ಮಾಡಿದರೆ ನನ್ನ ಬಾಯಿಗೆ ಬಟ್ಟೆ ತುರುಕಿದ ಹಾಗೆ."

ಹುಟ್ಟುಕಿವುಡಿ. ಪದ್ಯ ಕಟ್ಟುವುದು ಕೈಯಲ್ಲೇ,
ಹುಬ್ಬು, ಭುಜ, ತುಟಿಯ ಮೂಲೆ ಸೇರಿ ಒಂದು ಸಾಲು.
ನಾನು ಮೂವತ್ತು ವರ್ಷ ಟಪಾಲು ಹಂಚಿದವನು,
ಮನೆ ಮನೆಗೂ ಮಾತು ಮುಟ್ಟಿಸಿ
ಒಳಗೇನಿದೆ ಅಂತ ನೋಡದೆ ಮುಂದೆ ನಡೆದವನು.

ಆ ರಾತ್ರಿ ಕೇಳಲು ಬಂದವರು ಒಂಬತ್ತು ಜನ.
ಕೇಳಲು ಅನ್ನಬಾರದು; ನಾಲ್ವರು ನೋಡಲು ಬಂದಿದ್ದರು.
ಎಲ್ಲ ಮುಗಿದ ಮೇಲೆ ಹಸಿರು ಕೋಟಿನ ಹೆಂಗಸೊಬ್ಬಳು
ಅವಳ ಕೈ ಕುಲುಕುತ್ತ ನನಗೆ ಹೇಳಿದಳು,
"ನಿಮ್ಮ ಪದ್ಯಗಳನ್ನ ಎಷ್ಟು ಚೆನ್ನಾಗಿ ತೋರಿಸಿಕೊಟ್ಟಳು ಈ ಹುಡುಗಿ!"
ಹುಡುಗಿಗೆ ನಲವತ್ತಾರು. ಅರ್ಧ ಪದ್ಯಗಳು ಅವಳವು.
ನಾನು ತಿದ್ದಲಿಲ್ಲ. ತಲೆಯಾಡಿಸಿದೆ.
ತುಟಿ ಓದುವವಳ ಎದುರು
ಸುಮ್ಮನಿರುವುದೂ ಒಂದು ಮಾತು.

ಮೂರು ವಾರ ಸುದ್ದಿಯಿಲ್ಲ.
ಆಮೇಲೆ ಒಂದು ಸಂದೇಶ, ಷರತ್ತುಗಳ ಪಟ್ಟಿ:
ದೀಪ ಉರಿಯಬೇಕು. ದುಡ್ಡು ಅರ್ಧರ್ಧ.
ನನ್ನ ಉದ್ದನೆಯ ಪದ್ಯಕ್ಕೆ ನೀನು ದನಿ ಕೊಡಕೂಡದು,
ಪಕ್ಕದಲ್ಲಿ ನಿಂತಿರು ಸಾಕು.

ನಿಂತೆ, ಬ್ರೌಟಿ ಫೆರಿಯ ಗ್ರಂಥಾಲಯದಲ್ಲಿ, ಆರು ನಿಮಿಷ.
ಹೀಟರಿನ ಕೊಳವೆ ಟಕ್ಕೆಂದಿತು, ಯಾರದೋ ಹೊಟ್ಟೆ ಗುರುಗುಟ್ಟಿತು,
ಕಿವಿಯುಳ್ಳವರು ಕುರ್ಚಿಯಲ್ಲಿ ಹೊರಳಾಡಿದರು,
ಮುಂದಿನ ಸಾಲು ನಕ್ಕಿತೆಂದು ತಡವಾಗಿ ನಕ್ಕರು.
ಅವಳ ಅಂಗೈ ಒಂದು ಹೋಗುತ್ತ, ಒಂದು ಬರುತ್ತ,
ನಡುವೆ ಬೆರಳು ಎಳೆ ಎಳೆಯಾಗಿ ಹಾಯುತ್ತ
ತಟ್ಟನೆ ಹೊಳೆಯಿತು, ಮಗ್ಗ.

ಅಜ್ಜಿ ಎಫಿ ಸೆಣಬಿನ ಗಿರಣಿಯವಳು.
ಬಂಗಾಳದಿಂದ ಹಡಗೇರಿ ಬಂದ ನಾರು, ಮೈಯೆಲ್ಲ ಎಣ್ಣೆ ವಾಸನೆ.
ಮಗ್ಗಗಳ ಅಬ್ಬರದಲ್ಲಿ ದನಿಗೆ ಕಾಸಿನ ಬೆಲೆಯಿಲ್ಲ;
ಹೆಂಗಸರು ತುಟಿಯಲ್ಲಿ, ಬೆರಳಲ್ಲಿ ಮಾತಾಡಿದರು,
ಯಾರು ಬಸುರಿ, ಮೇಸ್ತ್ರಿ ಎಲ್ಲಿ ಬಂದ.
ಕಿವಿ ಹೋದ ಮೇಲೂ ಅವಳು ಆಲೂಗಡ್ಡೆ ಸುಲಿಯುತ್ತ
ಚಾಕು ಕೆಳಗಿಟ್ಟು ಕೈಯಲ್ಲಿ ಏನೋ ಅನ್ನುತ್ತಿದ್ದಳು.
ನಾವು ಮಕ್ಕಳು ಅಣಕಿಸಿದೆವು. ಯಾರೂ ಕಲಿಯಲಿಲ್ಲ.

ಇದನ್ನೆಲ್ಲ ಮೋರ್ವೆನ್‌ಗೆ ಹೇಳಹೋದರೆ
ಬೆರಳಿಗೆ ಬಂದದ್ದು ನಾಲ್ಕೇ ಪದ: ಅಜ್ಜಿ, ಗಿರಣಿ, ಕೈ, ತಪ್ಪು.
ಅದರಲ್ಲೂ ತಪ್ಪು ಅಂತ ನಾನು ತೋರಿಸಿದ್ದು
ಬೆಣ್ಣೆಯಂತೆ.

ಈಗ ಅವಳ ಜನರಲ್ಲಿ ನನಗೂ ಒಂದು ಹೆಸರಿದೆ:
ಗಂಟಲ ಗಂಟಿಗೆ ಎರಡು ಬೆರಳು.
ಓದುವ ಮುಂಚಿನ ನನ್ನ ಕೆಮ್ಮು
ಕೇಳದವರಿಗೂ ಕಂಡುಬಿಟ್ಟಿದೆ.

ಮೊನ್ನೆ ಪರ್ತ್‌ನಲ್ಲಿ, ತುಂಬಿದ ಸಭೆ.
ನೂರು ಸಲ ಬಾಯಿಪಾಠ ಮಾಡಿದ ಪದ್ಯ,
ಮೂರನೆಯ ಸಾಲಿಗೆ ನೆನಪು ಕೈಕೊಟ್ಟಿತು.
ತೆರೆದ ಬಾಯಿ ತೆರೆದೇ ಇತ್ತು.
ಅವಳು ಅವಸರಪಡದೆ
ಕೈ ಕೊಟ್ಟಳು: ನದಿ, ಸೇತುವೆ, ಹೊರಟ ಒದ್ದೆ ಬೂಟು.
ನನ್ನದೇ ಸಾಲು, ನಾನು ಬರೆದದ್ದಕ್ಕಿಂತ ಒಂದು ಪದ ಕಡಿಮೆ.
ಹಾಗೇ ಓದಿದೆ.
ಮನೆಗೆ ಬಂದು ಪುಸ್ತಕದಲ್ಲೂ ಆ ಪದ ಹೊಡೆದುಹಾಕಿದೆ.

ಆದರೆ ಅದಕ್ಕೂ ಮೊದಲು, ಕೊನೆಯ ರೈಲು.
ಲಕೋಟೆಯಲ್ಲಿ ಎಂಬತ್ತು ಪೌಂಡು, ಎರಡು ಸಲ ಎಣಿಸಿದಳು.
ಏನೋ ಹೇಳುತ್ತಿದ್ದಳು, ಅಷ್ಟರಲ್ಲಿ
ಬೋಗಿಯ ದೀಪ ಮಿಣುಕಿ ಆರಿತು.
ಜೇಬು ತಡಕಿ ಮೊಬೈಲು ತೆಗೆದು
ಬೆಳಕನ್ನು ಅವಳ ಕೈಗಳ ಮೇಲೆ ಹಿಡಿದೆ.

ನಿನ್ನ ಎರಡನೆಯ ಪದ್ಯ, ಅಂದಳು,
ತುಂಬ ಉದ್ದ.