ಸೂಜಿಯ ಲೆಕ್ಕ

ಬೊಂಬೆ ಆರು ಬೇಕು ಎಂದರು, ನಾಟಕಕ್ಕೆ.
ಒಂದೊಂದೂ ಮೂರು ಕಿಲೋ ತೂಗಬೇಕು,
ಕತ್ತು ನಿಲ್ಲಬಾರದು.
"ಕತ್ತು ನಿಂತರೆ ಹುಡುಗರಿಗೆ ಹಿಡಿಯುವುದು ಗೊತ್ತಾಗುವುದಿಲ್ಲ, ಮಾಸ್ಟರ್"
ಅಂದಳು ಶಾದಿಯಾ, ನಾಟಕ ಕಲಿಸುವ ಈಜಿಪ್ಟಿನವಳು,
ಅರ್ಧ ಹಿಂದಿ, ಅರ್ಧ ಅರಬ್ಬಿ, ಉಳಿದದ್ದು ಕೈಯಲ್ಲಿ.

ಮುಹರ್ರಕ್ಕಿನ ಹಳೇ ಸೂಕಿನಲ್ಲಿ
ಇಪ್ಪತ್ಮೂರು ವರ್ಷ ಗಂಡಸರ ತೋಬು ಹೊಲಿದವ ನಾನು.
ಭುಜ, ಕೊರಳು, ತೋಳು, ಎಲ್ಲ ಕಣ್ಣಳತೆ.
ಕತ್ತು ನಿಲ್ಲದ ಗಿರಾಕಿ ಇದೇ ಮೊದಲು.
ಹಳೇ ಬನೀನು ಬಟ್ಟೆ, ಒಳಗೆ ಅಕ್ಕಿ,
ಕತ್ತಿನ ಹತ್ತಿರ ಮಾತ್ರ ಸಡಿಲ ಹತ್ತಿ.
ರಾತ್ರಿ ಆರೂ ಮೇಜಿನ ಮೇಲೆ ಮಲಗಿದ್ದವು
ಇಸ್ತ್ರಿಪೆಟ್ಟಿಗೆಯ ಪಕ್ಕ.
ಯಾಕೋ, ಫ್ಯಾನು ಸಣ್ಣಗೆ ಮಾಡಿ ರೂಮಿಗೆ ಹೋದೆ.

ಹುಡುಗರ ಜೈಲು ಊರಾಚೆ,
ಕಡಲಿಗೆ ಮಣ್ಣು ತುಂಬಿ ಮಾಡಿದ ನೆಲದಲ್ಲಿ.
ಗೇಟಿನ ಪೊಲೀಸ ಬ್ಲೇಡು ತೆಗೆದು
ಒಂದೊಂದರ ಹೊಟ್ಟೆಯನ್ನೂ
ಹೊಕ್ಕುಳಿನಿಂದ ಎದೆಯವರೆಗೆ ಸೀಳಿದ.
ಟ್ರೇ ತುಂಬ ಅಕ್ಕಿ. ಬೆರಳಾಡಿಸಿದ.
ಅಕ್ಕಿಯಲ್ಲದೆ ಏನೂ ಇರಲಿಲ್ಲ.
"ಖಲಾಸ್" ಅಂದ, ನನ್ನ ಮುಖ ನೋಡದೆ.

ಹಾಗಾಗಿ ಒಳಗೇ ಹೊಲಿಯಬೇಕಾಯಿತು.
ಏಳು ಸೂಜಿ ಒಳಗೆ, ಏಳು ಹೊರಗೆ,
ಪುಸ್ತಕದಲ್ಲಿ ನನ್ನ ಸಹಿ.
ಕತ್ತರಿ ಇಲ್ಲ. ಅಳತೆಯ ಟೇಪು ಇಲ್ಲ,
ಅದರಲ್ಲಿ ನೇಣು ಹಾಕಿಕೊಳ್ಳಬಹುದಂತೆ.
ದಾರ ಹಲ್ಲಲ್ಲಿ ಕಡಿಯಿರಿ ಎಂದರು.

ಆರು ಹುಡುಗರು. ದೊಡ್ಡವನಿಗೆ ಇಪ್ಪತ್ತು.
ಮೀಸೆ ಇನ್ನೂ ಕೂಡಿಲ್ಲ, ಆಗಲೇ ಅಪ್ಪಂದಿರು.
ಏನು ಮಾಡಿ ಬಂದರೆಂದು ಕೇಳಬಾರದು. ಕೇಳಲಿಲ್ಲ.
ಮಿಶಾಲ್ ಎಂಬವನು ಸೂಜಿಗೆ ದಾರ ಪೋಣಿಸಲು
ನಾಲಗೆ ಹೊರಗೆ ಹಾಕಿಕೊಂಡು ಕೂತಿದ್ದ,
ಒಂದನೇ ಕ್ಲಾಸಿನವನ ಹಾಗೆ.
ಮಗ ಹುಟ್ಟಿ ತಿಂಗಳಾಗಿಲ್ಲ. ನೋಡಿಲ್ಲ.
"ಎಷ್ಟಿರ್ತದೆ, ಮಾಸ್ಟರ್?"
ಎರಡು ಅಂಗೈ ಗಾಳಿಯಲ್ಲಿ ಎತ್ತಿ
ದೂರ ಮಾಡಿದ, ಹತ್ತಿರ ಮಾಡಿದ, ಪುನಃ ದೂರ.
ನಮ್ಮ ಗಂಗೊಳ್ಳಿಯಲ್ಲಿ, ತಪ್ಪಿಹೋದ ಮೀನಿನ ಬಗ್ಗೆ
ಸುಳ್ಳು ಹೇಳುವವರ ಕೈ ಹೀಗೇ ಆಡುತ್ತದೆ.

ಹೊಲಿಯುತ್ತಾ ನನ್ನದನ್ನು ಹೇಳಿಬಿಟ್ಟೆ.
ಮಗಳು ಹುಟ್ಟಿದಾಗ ನಾನು ಇಲ್ಲಿ,
ಪಾಸ್‌ಪೋರ್ಟು ಅರಬಿಯ ಪೆಟ್ಟಿಗೆಯಲ್ಲಿ.
ಗುಲಾಬಿ ಕಾಗದದೊಳಗೆ ಒಂದು ದಾರ ಇಟ್ಟು ಕಳಿಸಿದಳು:
ಹಿಮ್ಮಡಿಯಿಂದ ನೆತ್ತಿಗೆ
ಒಂದು ಮೊಳ, ನಾಲ್ಕು ಬೆರಳು.
ಅದರ ಅಳತೆಗೆ ಫ್ರಾಕು ಹೊಲಿದು
ಊರಿಗೆ ಹೋಗುವವರ ಕೈಲಿ ಕೊಟ್ಟೆ.
ತಲುಪುವಾಗ ಕೂಸು ಅಳತೆ ಮೀರಿತ್ತು.
ಎರಡನೇ ದಾರ ಬಂತು. ಮೂರನೆಯದು.
ಆ ಡಬ್ಬಿ ಈಗಲೂ ಇದೆ.

ಮಿಶಾಲ್ ನಗಲಿಲ್ಲ.
"ನಿನ್ನನ್ನು ಎಷ್ಟು ವರ್ಷ ಒಳಗಿಟ್ಟಿದ್ದರು?" ಎಂದ.
ಗಂಟು ಹಾಕುವ ನೆಪದಲ್ಲಿ ತಲೆ ತಗ್ಗಿಸಿದೆ.

ನಾಟಕ ದೊಡ್ಡದೇನಲ್ಲ.
ಊಟದ ಹಾಲ್, ಟ್ಯೂಬ್‌ಲೈಟು, ನೀಲಿ ಪರದೆ.
ರಾತ್ರಿ ಎರಡು ಗಂಟೆಗೆ ಆರು ಅಪ್ಪಂದಿರು
ಆರು ಕೂಸುಗಳನ್ನು ಮಲಗಿಸುವುದು, ಅಷ್ಟೇ ಕಥೆ.
ದಾದ್‌ಖುದಾ ತನ್ನದನ್ನು ತಲೆಕೆಳಗು ಹಿಡಿದ.
ಜನ ನಕ್ಕರು. ಅವನೂ.
ಮಿಶಾಲನ ಸರದಿಗೆ
ಮೂರನೇ ಸಾಲಿನ ಕಪ್ಪು ಅಬಾಯದೊಳಗಿಂದ
ನಿಜವಾದದ್ದೊಂದು ಅತ್ತಿತು.

ಮಾತು ಮರೆತ.
ಶಾದಿಯಾ ಪರದೆಯ ಹಿಂದಿನಿಂದ ಹೇಳಿಕೊಟ್ಟಳು, ಎರಡು ಸಲ.
ಅವನು ಬೊಂಬೆಯ ಬೆನ್ನು ತಟ್ಟುತ್ತಾ ನಿಂತೇ ಇದ್ದ,
ಕಣ್ಣು ಮೂರನೇ ಸಾಲಿನಲ್ಲಿ,
ಅಲ್ಲಿಯ ಅಳು ನಿಲ್ಲುವವರೆಗೆ.
ಹೊಲಿಗೆ ಬಿಟ್ಟು ಅಕ್ಕಿ
ಅವನ ಪಾದದ ಮೇಲೆ ಸುರಿಯುತ್ತಿತ್ತು.

ಆಮೇಲೆ ಹತ್ತು ನಿಮಿಷ ಕೊಟ್ಟರು,
ಕೂಸನ್ನು ಅವನ ತೊಡೆಯ ಮೇಲೆ ಇಟ್ಟರು.
ನಾನು ಬಾಗಿಲಲ್ಲಿ ಸೂಜಿ ಒಪ್ಪಿಸುತ್ತಿದ್ದೆ.
ಐದು, ಆರು, ಏಳು. ಪೊಲೀಸ ಗೀಟು ಎಳೆದ.
ದಾರಕ್ಕೆ ಆ ಪುಸ್ತಕದಲ್ಲಿ ಜಾಗವಿರಲಿಲ್ಲ.

ತಿರುಗಿದೆ. ಮಿಶಾಲ್ ಏನನ್ನೋ ಹಲ್ಲಲ್ಲಿ ಕಡಿಯುತ್ತಿದ್ದ,
ಬಿಳಿ, ಸಣ್ಣದು,
ಒಂದು ತುದಿ ಕೂಸಿನ ಹಿಮ್ಮಡಿಗೆ ಒತ್ತಿಕೊಂಡು.
ನನ್ನನ್ನು ನೋಡಿದ.

ನಾನು ಪೊಲೀಸನ ಹತ್ತಿರ ಪೆನ್ನು ಕೇಳಿದೆ.
ಎಲ್ಲಿ ಹಾಕಬೇಕು, ಇಲ್ಲಾ ಅಲ್ಲಾ, ಎಂದೆಲ್ಲ ಕೇಳಿದೆ.
ನನ್ನ ಸಹಿ ಅವತ್ತು
ಯಾವತ್ತಿಗಿಂತ ಉದ್ದ ಬಂತು.