ಎತ್ತಿದ ಕೈ

ಬಸ್ಸಿನ ಸರಳಿಗೆ ಎಡಗೈ ಎತ್ತಿ
ಹನ್ನೊಂದು ವರ್ಷ ನಿಂತವಳು ನಾನು.
ಮಡಿಕೇರಿ, ಮೂರ್ನಾಡು, ವಿರಾಜಪೇಟೆ, ಗೋಣಿಕೊಪ್ಪ;
ತಿರುವಿಗೊಮ್ಮೆ ಮೈಭಾರವೆಲ್ಲ ಆ ಒಂದು ಕಂಕುಳಿಗೆ.
ಅಲ್ಲೊಂದು ಕಂಕುಳಿದೆ ಎಂಬುದೇ
ಗೊತ್ತಿರಲಿಲ್ಲ, ಈ ಮಾರ್ಚಿನ ತನಕ.

ಕಾಫಿ ಹೂ ಬಿಟ್ಟ ವಾರ.
ಹಾಕತ್ತೂರಿನ ಇಳಿಜಾರಲ್ಲಿ ಕಿಟಕಿಗಳೆಲ್ಲ ಘಮ್ಮೆನ್ನುವಾಗ
ಒಳಗೆ ಏನೋ ಚುಳ್ ಎಂದಿತು.
ಸೂಜಿಯಷ್ಟೇ. ಮೊಲೆಯ ಹೊರಅಂಚಿನಿಂದ
ಕಂಕುಳಿನತ್ತ ಯಾರೋ ದಾರ ಎಳೆದ ಹಾಗೆ.
ಐವತ್ತಕ್ಕೆ ಚಿಲ್ಲರೆ ಎಣಿಸುತ್ತಿದ್ದೆ.
ಎಣಿಕೆ ತಪ್ಪಿತು.

ಅವತ್ತಿನಿಂದ ನನ್ನ ಬೆರಳುಗಳಿಗೆ ಓವರ್‌ಟೈಮ್.
ಬಚ್ಚಲಲ್ಲಿ, ಡಿಪೋದ ರೆಸ್ಟ್ ರೂಮಿನ ಚಿಲಕದ ಹಿಂದೆ,
ಖಾಕಿಯ ಎರಡು ಗುಂಡಿ ಬಿಚ್ಚಿ
ಒತ್ತುವುದು. ಬಲಕ್ಕೂ ಎಡಕ್ಕೂ ಹೋಲಿಸುವುದು.
ಗಂಟೋ, ಪಕ್ಕೆಲುಬೋ,
ಬ್ಯಾಗಿನ ಪಟ್ಟಿ ಒತ್ತಿದ ಗುರುತೋ?
ಒತ್ತಿ ಒತ್ತಿ ಜಾಗ ಕೆಂಪಾಯಿತು;
ಕೆಂಪಾಯಿತಲ್ಲಾ ಎಂದು ಇನ್ನೊಮ್ಮೆ ಒತ್ತಿದೆ.
ಒಂದು ರಾತ್ರಿ ಸಿಕ್ಕಿತು, ಒಳ್ಳೆಮೆಣಸಿನ ಕಾಳಷ್ಟು.
ಬೆಳಿಗ್ಗೆ ತಡಕಿದರೆ ಇಲ್ಲ.
ಇದ್ದದ್ದಕ್ಕಿಂತ ಇಲ್ಲದ್ದು ಹೆಚ್ಚು ಹೆದರಿಸಿತು:
ಎಲ್ಲಿಗೆ ಹೋಯಿತು?

ನಂಜವ್ವ ಚಿಕ್ಕಮ್ಮನಿಗೆ ಬಂದದ್ದನ್ನು
ಮನೆಯಲ್ಲಿ ಯಾರೂ ಹೆಸರಿಟ್ಟು ಕರೆಯಲಿಲ್ಲ.
'ಅದು' ಎಂದರು. 'ಅದು ಹಿಂಗೇ ಶುರುವಾದ್ದು'
ಎಂದು ಯಾರೂ ನನಗೆ ಹೇಳಲಿಲ್ಲ.
ಹೇಳಿದ ಹಾಗೆ ಕೇಳಿಸುತ್ತದೆ, ನಡುರಾತ್ರಿ,
ಫೋನಿನ ಬೆಳಕಿಗೆ ಕಂಬಳಿ ಮುಚ್ಚಿ ಓದುವಾಗ.

ಜಿಲ್ಲಾಸ್ಪತ್ರೆಯಲ್ಲಿ ತಣ್ಣನೆ ಜೆಲ್ಲು.
ಡಾಕ್ಟರ್ ನಫೀಸಾ ಪರದೆ ನೋಡಿದರು, ನಾನು ಅವರ ಹುಬ್ಬು ನೋಡಿದೆ.
'ಏನೂ ಕಾಣ್ತಿಲ್ಲಮ್ಮ. ನೋವು ಯಾಕೆ ಅಂತ
ಈಗ್ಲೇ ಹೇಳೋಕಾಗಲ್ಲ. ಮೂರು ತಿಂಗಳು ಬಿಟ್ಟು ಬನ್ನಿ.'
ಕಾಣ್ತಿಲ್ಲ ಅಂದರು. ಇಲ್ಲ ಅನ್ನಲಿಲ್ಲ.
ಎರಡಕ್ಕೂ ಇರುವ ವ್ಯತ್ಯಾಸ ಕಂಡಕ್ಟರಿಗೆ ಗೊತ್ತು;
ಹಿಂದಿನ ಸೀಟಿನಲ್ಲಿ ಟವೆಲ್ಲು ಹೊದ್ದು
ನಿದ್ದೆ ನಟಿಸಿದವರು ಎಷ್ಟು ಜನ!

ಹೆಂಗಸರಿಗೆ ಶೂನ್ಯ ಟಿಕೆಟ್ ಹರಿದು ಕೊಡುತ್ತೇನೆ ದಿನವಿಡೀ.
ಮೊತ್ತ ಸೊನ್ನೆ. ಆದರೂ ಅವರು
ಎಲ್ಲಿಂದಲೋ ಹತ್ತಿದ್ದಾರೆ, ಎಲ್ಲಿಗೋ ಹೊರಟಿದ್ದಾರೆ,
ಮಡಿಲಲ್ಲಿ ಭಾರವಿದೆ.
ರಿಪೋರ್ಟನ್ನು ಮಡಿಸಿ ಅದೇ ಬ್ಯಾಗಿನಲ್ಲಿಟ್ಟೆ.

ಬೆರಳುಗಳ ಜೊತೆ ಒಪ್ಪಂದವಾಯಿತು: ದಿನಕ್ಕೆ ಒಂದೇ ಸಲ.
ನಾಲ್ಕು ದಿನ ಪಾಲಿಸಿದವು.
ಬುಧವಾರ ಏಳು ಸಲ.
ನನ್ನ ಅತ್ತೆ ಊರಿಗೆಲ್ಲ ಹೇಳುತ್ತಾರೆ,
ಲೆಕ್ಕದಲ್ಲಿ ನಮ್ಮ ಪೊನ್ನವ್ವ ಎತ್ತಿದ ಕೈ ಎಂದು.
ಯಾವ ಲೆಕ್ಕ ಎಂದು ಅವರಿಗೇನು ಗೊತ್ತು.

ಮೇದಪ್ಪನಿಗೆ ನಾನು ಏನೂ ಹೇಳಿಲ್ಲ.
ಆರು ವರ್ಷದಿಂದ ಅವನು ಸ್ಟೇರಿಂಗು, ನಾನು ಸೀಟಿ, ಅಷ್ಟೇ ಮಾತು.
ಮೊನ್ನೆ ಕನ್ನಡಿಯಲ್ಲಿ ನೋಡಿ,
'ಏನು, ಬಲಗೈಲಿ ಹಿಡೀತೀರಲ್ಲ ಈಗ?' ಅಂದ.
'ಸುಮ್ನೆ' ಅಂದೆ.
ಅವನೂ ಸುಮ್ಮನಾದ.
ಆಮೇಲಿನ ತಿರುವುಗಳನ್ನು ಮಾತ್ರ
ಮೊಟ್ಟೆ ತುಂಬಿದ ಬುಟ್ಟಿ ಹೊತ್ತವನ ಹಾಗೆ ತೆಗೆದ.

ಇವತ್ತು ಕಾಕೋಟುಪರಂಬಿನಲ್ಲಿ ಒಬ್ಬ ಮುದುಕಿ,
ಎರಡು ಚೀಲ, ಒಂದು ಹುಂಜ.
ಮೆಟ್ಟಿಲು ಎತ್ತರ, ಮೊಣಕಾಲು ಬರದು.
'ಹಿಡ್ಕೊಳ್ಳೇ ಮಗಳೇ' ಎಂದು ಕೈ ಚಾಚಿದಳು.
ಬಾಗಿ ಎಳೆದುಕೊಂಡೆ ಮೇಲಕ್ಕೆ,
ಅವಳನ್ನೂ, ಚೀಲಗಳನ್ನೂ, ಕೊಕ್ಕುವ ಹುಂಜವನ್ನೂ.
ಹುಂಜಕ್ಕೆ ಲಗೇಜ್ ಟಿಕೆಟ್ ಎಂದದ್ದಕ್ಕೆ
ಅವಳು ಬೈದಳು, ಬಸ್ಸೆಲ್ಲ ನಕ್ಕಿತು.

ಬೇತ್ರಿ ಸೇತುವೆ ದಾಟಿದ ಮೇಲೆ,
ಕೆಳಗೆ ಕಾವೇರಿ ಬಂಡೆಗಳ ನಡುವೆ ಸಣ್ಣಗಾಗಿದ್ದಾಗ,
ನೆನಪಾಯಿತು:
ಎಳೆದದ್ದು ಎಡಗೈಯಲ್ಲಿ.
ನೋವಾಯಿತೇ?
ನೋಡಿಕೊಳ್ಳಲು ಮರೆತಿದ್ದೆ.

ಮೂರ್ನಾಡಿಗೆ ಮುನ್ನ ಮತ್ತೆ ಚುಳ್ ಎಂದಿತು.
ಸೀಟಿ ಊದಿದೆ.