ಬಣ್ಣದ ಲೆಕ್ಕ

ಮುನ್ನೂರ ಅರವತ್ತೈದು ಚೌಕ ಬರೆದೆ,
ಏಳೇಳನ್ನು ಕಂಬದಂತೆ ಪೇರಿಸಿ;
ಅಧಿಕ ವರ್ಷವೆಂದು ನೆನಪಾಗಿ ಇನ್ನೊಂದು.
ವಾರ ಸೋಮವಾರ ಹುಟ್ಟಲಿ ಎಂದೆ,
ಭಾನುವಾರವೇ ಎಂದು ಹಟ ಹಿಡಿಯಿತು ಲೈಬ್ರರಿ.
ಮೊಂತೆವಿದೆಯೊ ಗುಡ್ಡದ ಬೆನ್ನಿಗೆ, ತಗಡಿನ ಮಾಡಿನಡಿ
ನೆಲಿದಾ ಕಾಯಿಸುವ ಬಿಟ್ಟಿ ಊಟದ ಹಂಡೆಗೆ
ಲೆಕ್ಕದ ಪುಟ ಬೇಕಂತೆ, ನಗರಸಭೆಗೆ ತೋರಿಸಲು.

ಅವಳ ನೋಟ್‌ಬುಕ್ಕು ಎಣ್ಣೆ ಕುಡಿದು ಗಾಜಾಗಿತ್ತು.
ಮಂಗಳವಾರ ನೂರ ನಲವತ್ತು ತಟ್ಟೆ, ಬೇಳೆ.
ಬುಧವಾರ ತೊಂಬತ್ತು, ಗಾಳಿ.
ಗುರುವಾರದ ಜಾಗದಲ್ಲಿ
ಈರುಳ್ಳಿ ಸಿಪ್ಪೆಯೊಂದು ಅಂಟಿದೆ, ಅಷ್ಟೆ.

ಎಲ್ಲರೂ ಹಚ್ಚುವಂತೆ ಹಸಿರು ಹಚ್ಚಿದೆ:
ಕಡಿಮೆಗೆ ಎಳೆಗರಿಕೆ, ಹೆಚ್ಚಿಗೆ ದಟ್ಟ ಕಾಡು.
ತೆರೆಯನ್ನು ಅವಳತ್ತ ತಿರುಗಿಸಿ ಶಾಬಾಸಿಗೆ ಕಾದೆ.
ಸೌಟು ಹಿಡಿದೇ ಬಗ್ಗಿ ನೋಡಿದಳು:
'ಜುಲೈ ಯಾಕಪ್ಪಾ ಇಷ್ಟು ಸೊಂಪು?
ಮೀನು ಕಾರ್ಖಾನೆ ಮುಚ್ಚಿದ ತಿಂಗಳು ಅದು.
ಡಬ್ಬಿ ಹಿಡಿದ ಮಕ್ಕಳು
ಬೀದಿ ತಿರುವಿನವರೆಗೆ ನಿಂತಿದ್ದವು.
ಇದು ಪೈರಲ್ಲ, ಬ್ರೌಲಿಯೊ.'

ಕೆಂಪು ಹಾಕಿದೆ. 'ಬಂದವರೇನು ಗಾಯವೇ?' ಎಂದಳು.
ಕಡೆಗೆ ಹಂಡೆಯ ತಳದ ಬಣ್ಣ:
ತಿಳಿಗಂದಿನಿಂದ ಸೀದ ಕಂದಿಗೆ ಐದು ಮೆಟ್ಟಿಲು.
ಮೆಟ್ಟಿಲು ಐವತ್ತಕ್ಕೊ ನೂರಕ್ಕೊ, ಅದಕ್ಕೂ ಜಗಳ.

ಆಮೇಲೆ ಲೆಕ್ಕ ತಪ್ಪಿತು.
ಮೊಮ್ಮಗಳು ತಟ್ಟೆಗೊಮ್ಮೆ ಫೋನಿನ ಗುಂಡಿ ಒತ್ತುತ್ತಾಳೆ;
ಶನಿವಾರ ನೂರಿಪ್ಪತ್ತು ಒತ್ತಿದರೆ
ತೆರೆಯಲ್ಲಿ ಎಂಬತ್ತೊಂದು.
ಹಂಡೆ ಬೋರಲು ಬಿದ್ದಿರುವ ಭಾನುವಾರ
ಎಲ್ಲಿಂದಲೋ ಮೂವತ್ತೊಂಬತ್ತು ಜನ ಉಂಡಿದ್ದಾರೆ!
ಎರಡು ರಾತ್ರಿ ಹುಡುಕಿದೆ.
ಸರ್ವರಿನ ಗಡಿಯಾರಕ್ಕೆ ಗ್ರೀನಿಚ್ಚಿನ ಹೊತ್ತು,
ನಮಗಿಂತ ಮೂರು ತಾಸು ಮುಂದೆ.
ಒಂಬತ್ತು ದಾಟಿ ಬಂದವರಿಗೆಲ್ಲ,
ಬಾಗಿಲ ಮೇಲೆ ಬರೆದಿಟ್ಟಂತೆ,
ನಾಳೆ ಬಾ, ನಾಳೆ ಬಾ.

ಒಂದು ಸಾಲು ತಿದ್ದಿದೆ.
ಮೂವತ್ತೊಂಬತ್ತು ಜನ ಅವರವರ ರಾತ್ರಿಗೆ ಮರಳಿದರು.

ಉಳಿದದ್ದು ಖಾಲಿ ಚೌಕಗಳು.
ಯಾರೂ ಬಾರದ ದಿನ ಸೊನ್ನೆ,
ಯಾರೂ ಬರೆಯದ ದಿನ ಏನೂ ಅಲ್ಲ;
ನನ್ನ ಕೋಡಿಗೆ ಎರಡೂ ಒಂದೇ ಬೂದು.
ಸಿಪ್ಪೆಯ ಗುರುವಾರ ಇವೆರಡರಲ್ಲಿ ಯಾವುದು, ಕೇಳಿದೆ.
ಕ್ಯಾರೆಟ್ಟಿನ ಮೇಲೆ ಚಾಕು ನಿಂತಿತು.
'ಗ್ಯಾಸು ಮುಗಿದಿತ್ತು. ಬಂದಿದ್ದರು.
ಎಣಿಸಲಿಲ್ಲ.
ಎಣಿಸೋದಕ್ಕೆ ತಟ್ಟೆ ಬೇಕಲ್ಲ.'

ಆ ಚೌಕಕ್ಕೆ ಬಣ್ಣ ತುಂಬದೆ ಅಂಚು ಮಾತ್ರ ಎಳೆದೆ.
ಬಾಣ ತಾಗಿದರೆ ತೇಲಿ ಬರುವ ಚೀಟಿಯಲ್ಲಿ
ಅಂಕಿಯ ಜಾಗಕ್ಕೆ ಅವಳ ಮಾತನ್ನೇ ಇಟ್ಟೆ: ಬಂದಿದ್ದರು.
ಅಗಲ ಸಾಲದೆ ಮಾತು ನಡುವೆ ಮುರಿದು
ಮೊದಲ ಸಾಲಲ್ಲಿ 'ಬಂದಿ' ಎಂದಷ್ಟೇ ಉಳಿಯಿತು.
ಚೀಟಿಯನ್ನು
ಇನ್ನಷ್ಟು ಅಗಲ ಮಾಡಿದೆ.